ಜಿದ್ದಾದ ದುಡ್ಡು, ಕಮಲಾಪುರದ ಬಾಳೆ

ಮೋಮಿನಪುರದ ನಮ್ಮ ಗಲ್ಲಿಯಿಂದ ಗಲ್ಫ್‌ಗೆ ಹೋದವರಲ್ಲಿ ನನ್ನ ಹಳೆಯ ಶಿಷ್ಯನೊಬ್ಬನಿದ್ದಾನೆ. ರಜೆಗೆ ಬಂದವನು ಒಂದು ಬೆಳಿಗ್ಗೆ ನನ್ನನ್ನು ಕಮಲಾಪುರಕ್ಕೆ ಹೊರಡಿಸಿದ. ಜಿದ್ದಾದಲ್ಲಿ ಹದಿನಾಲ್ಕು ವರ್ಷ ದುಡಿದು ಉಳಿಸಿದ ಹಣದಲ್ಲಿ ಮೂರೆಕರೆ ತೋಟ ಕೊಳ್ಳುವ ಆಸೆ ಅವನದು. ಆಸೆಗೆ ನೀರೆರೆದವನು ನಾನೇ. 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆ ತಿದ್ದುಪಡಿಯಾಗಿ 79ಎ, 79ಬಿ ಕಲಂಗಳು ಹೋದವು, ಇನ್ನು ರೈತನಲ್ಲದವನೂ ಹೊಲ ಕೊಳ್ಳಬಹುದು ಎಂದು ಓದಿದ್ದನ್ನು ಅವನಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದೆ.

ಹುಮನಾಬಾದ್ ರಸ್ತೆಯಲ್ಲಿ ತೊಗರಿ ಹೊಲಗಳನ್ನು ದಾಟಿ ಬಸ್ಸು ಕಮಲಾಪುರ ಮುಟ್ಟಿತು. ಇಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಗಿಡ ಎತ್ತರ, ಗೊನೆ ಕೈಗೆ ಬರಲು ಹೆಚ್ಚು ಕಡಿಮೆ ಒಂದೂವರೆ ವರ್ಷ ಬೇಕು. ನೀರು, ಗೊಬ್ಬರ ಎರಡನ್ನೂ ಧಾರಾಳವಾಗಿ ಕೇಳುವ ಬೆಳೆ. ತೋಟ ನೋಡಿ ಶಿಷ್ಯನ ಕಣ್ಣು ತುಂಬಿತು. ಅಲ್ಲಿಂದ ಪತ್ರ ಬರೆಯುವವರ ಬಳಿ ಹೋದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಇರೋದು ಎಲ್ಲಿ?"

1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ನಿಯಮಗಳಂತೆ ಅನಿವಾಸಿ ಭಾರತೀಯ ಮನೆ, ಸೈಟು, ಅಂಗಡಿ ಕೊಳ್ಳಬಹುದು. ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ತಂದೆಯಿಂದ ವಾರಸಾಗಿ ಬಂದರೆ ಅಡ್ಡಿಯಿಲ್ಲ. ರಾಜ್ಯದ ತಿದ್ದುಪಡಿ ಈ ಕೇಂದ್ರದ ನಿಯಮವನ್ನು ಮುಟ್ಟಿಲ್ಲ. ಅರ್ಧ ಓದಿದ್ದು ನನ್ನ ತಪ್ಪು.

"ನಮ್ಮೂರಾಗೇ ನಾ ಪರದೇಶಿ ಆದ್ನೇನ್ರೀ ಹಜ್ರತ್?" ಎಂದ.

ಚಹಾದ ಅಂಗಡಿಯಲ್ಲಿ ಕುಳಿತು ಅವನಿಗೆ ಇಥಿಯೋಪಿಯಾದ ಸಂಗತಿ ಹೇಳಿದೆ. ನಾವು ಮದರಸಾದಲ್ಲಿ ಓದಿದ ಹಬಶ ಅದೇ. ಮಕ್ಕಾದ ಹಿಂಸೆ ತಾಳದೆ ಹೋದ ಸಹಾಬಿಗಳಿಗೆ ನಜ್ಜಾಶಿ ದೊರೆ ಆಶ್ರಯ ಕೊಟ್ಟ ನಾಡು. ಅಲ್ಲಿನ ಗ್ಯಾಂಬೆಲಾ ಪ್ರಾಂತದಲ್ಲಿ ಗುಲಾಬಿ ವ್ಯಾಪಾರದ ಬೆಂಗಳೂರಿನ ಕರುತುರಿ ಕಂಪೆನಿ 2010ರ ಒಪ್ಪಂದದಂತೆ ಒಂದು ಲಕ್ಷ ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಲಕ್ಷ ಎಕರೆಯನ್ನು 50 ವರ್ಷಕ್ಕೆ ಗುತ್ತಿಗೆ ಹಿಡಿಯಿತು. ಹೆಕ್ಟೇರಿಗೆ ವರ್ಷದ ಗೇಣಿ ಬರೇ 20 ಬಿರ್. 2011ರಲ್ಲಿ ಬಾರೋ ನದಿ ಉಕ್ಕಿ ಮೆಕ್ಕೆಜೋಳ ಮುಳುಗಿತು. ನೆಲದ ಬಹುಪಾಲು ಉಳುಮೆಯನ್ನೇ ಕಾಣಲಿಲ್ಲ. 2015ರ ಕೊನೆಗೆ ಅಲ್ಲಿನ ಸರಕಾರ ಗುತ್ತಿಗೆ ರದ್ದು ಮಾಡಿತು. ಅದೇ ಪ್ರಾಂತದಲ್ಲಿ ಅನುವಾಕ್ ಜನರನ್ನು ಸರಕಾರ ಅವರ ಹಳ್ಳಿಗಳಿಂದ ಎಬ್ಬಿಸಿದ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2012ರಲ್ಲಿ ವರದಿ ಮಾಡಿತ್ತು.

"ಅವ್ರು ಹಬಶಾದಾಗ ಲಕ್ಷ ಹೆಕ್ಟೇರ್ ಹಿಡೀಬಹುದು, ನಾ ಇಲ್ಲಿ ಮೂರೆಕರೆ ಹಿಡೀಬಾರ್ದು!"

ಅವನ ಮಾತು ಸುಳ್ಳಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಬೆವರು ಸುರಿಸುವ ಕೂಲಿಯನ್ನೂ ಹೊರದೇಶದ ಬಂಡವಾಳವನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ನನಗೆ ಸರಿ ಕಾಣುವುದಿಲ್ಲ. ಆದರೂ ಬೇಲಿಯನ್ನೇ ಕಿತ್ತುಹಾಕಿ ಎನ್ನಲು ಮನಸ್ಸು ಬರಲಿಲ್ಲ. ರಿಯಾಲು, ಡಾಲರುಗಳ ಎದುರು ಇಲ್ಲಿನ ಸಣ್ಣ ರೈತ ಹರಾಜಿನಲ್ಲಿ ಎಷ್ಟು ಹೊತ್ತು ನಿಂತಾನು?

ದಲ್ಲಾಳಿ ಮೆಲ್ಲನೆ, ಭಾವನ ಹೆಸರಿಗೆ ಮಾಡಿಸಿ ಎಂದ. ಬೇನಾಮಿ ಕಾಯ್ದೆ 2016ರ ತಿದ್ದುಪಡಿಯ ನಂತರ ಬಿಗಿಯಾಗಿದೆ, ಆಸ್ತಿಯೇ ಜಫ್ತಿಯಾದೀತು. ಅದಿರಲಿ, ನಾಳೆ ಭಾವ ತೀರಿಕೊಂಡು ಅವನ ಮಕ್ಕಳು ಇದು ನಮ್ಮ ವಿರಾಸತ್ ಎಂದರೆ ಇವನು ಏನು ತೋರಿಸುತ್ತಾನೆ?

"ನಿನ್ನ ಹೆಂಡತಿ ಮೋಮಿನಪುರದಲ್ಲೇ ಇದ್ದಾಳಲ್ಲ. ಮಹರ್ ಕೊಟ್ಟಿದ್ದೀಯಾ?" ಎಂದೆ. ತಲೆ ತಗ್ಗಿಸಿದ. ಬಾಕಿ ಮಹರ್ ತೀರಿಸಿ, ಮೇಲಿನದನ್ನು ಉಡುಗೊರೆ ಕೊಟ್ಟರೆ ಅವಳು ಕೊಳ್ಳಬಹುದು. ಹೆಸರಿಗೆ ಮಾತ್ರವಲ್ಲ, ಅವಳದೇ ತೋಟ.

"ಪೂರಾ ಆಕಿದೇ ಆದ್ರ ನಾ ಬಂದು ಏನ್ ಮಾಡ್ಲಿ?"

"ಬಾಳೆಗೆ ನೀರು ಬಿಡು," ಎಂದೆ. ಚಹಾದವನೂ ನಕ್ಕ.

ಬಸ್ಸು ಹತ್ತುವ ಮುನ್ನ ಎರಡು ಡಜನ್ ಕೆಂಪು ಬಾಳೆಹಣ್ಣು ಕೊಂಡ. ಕಲಬುರಗಿ ಬರುವವರೆಗೆ ಮಾತಿಲ್ಲ. ಇಳಿಯುವಾಗ ಮಾತ್ರ, ಮಹರ್ ಎಷ್ಟೆಂದು ಬರೆಸಿತ್ತೆಂದು ನಿಕಾಹ್‌ನಾಮೆಯಲ್ಲಿ ನೋಡಬೇಕು ಎಂದ.