ಟಾರ್ಚ್ ಹಿಡಿದರೂ ಹೊಳೆಯದ ಗಂಟು

ಮಗನಿಗೆ ಆಗ 5 ತಿಂಗಳು. ಎಣ್ಣೆ ಹಚ್ಚಿ ನೀರೆರೆಯುವಾಗ ಅವನ ಬೀಜದ ಚೀಲದ ಬಲಕ್ಕೆ ಮೆತ್ತಗಿನ ಗಂಟು ಮೊದಲು ಕಂಡಿದ್ದು ಅಮ್ಮನಿಗೆ. ಎರಡು ವಾರ ಬಾಯಿಬಿಡಲಿಲ್ಲ. ಯಾಕಮ್ಮಾ ಅಂತ ರೇಗಿದರೆ, "ಗಂಡು ಕೂಸು ಕಣೋ. ಆ ಜಾಗದ ಮಾತು ಊರಿಗೆಲ್ಲ ಗೊತ್ತಾದ್ರೆ ನಾಳೆ ಹೆಣ್ಣು ಯಾರು ಕೊಡ್ತಾರೆ?" ಅಂದಳು. ಹಲ್ಲು ಬರದ ಕೂಸಿನ ಮದುವೆ ಚಿಂತೆ!

ಡಾಕ್ಟರು ಲೈಟ್ ಆರಿಸಿ ಟಾರ್ಚ್ ಹಿಡಿದರು. ನೀರು ತುಂಬಿದ ಹೈಡ್ರೋಸೀಲ್ ಆದರೆ ಬೆಳಕು ಹಾಯ್ದು ಕೆಂಪಗೆ ಹೊಳೆಯುತ್ತಂತೆ. ಹೊಳೆಯಲಿಲ್ಲ. ಸ್ಕ್ಯಾನ್‌ನಲ್ಲಿ ವೃಷಣ ಸರಿಯಾಗಿತ್ತು, ಗಂಟು ಅದರ ಪಕ್ಕದಲ್ಲಿ ಬೇರೆಯಾಗಿ ಕೂತಿತ್ತು. ರಕ್ತದಲ್ಲಿ ಎಎಫ್‌ಪಿ ನೋಡಲು ಹೇಳಿದರು. ರಿಪೋರ್ಟಿನಲ್ಲಿ ಆ ಅಂಕಿ ಮಿತಿ ದಾಟಿತ್ತು. ರಾತ್ರಿಯಿಡೀ ಗೂಗಲ್ ಮಾಡ್ತಾ ಕೂತೆ, ಕಂಡಿದ್ದೆಲ್ಲ ಕ್ಯಾನ್ಸರೇ.

ಬೆಳಿಗ್ಗೆ ಡಾಕ್ಟರು ನಕ್ಕರು. "ಅಲ್ಲಿ ಹಾಕಿರೋ ಮಿತಿ ದೊಡ್ಡವರದ್ದು ರೀ. ಹುಟ್ಟಿದಾಗ ಇದು ಸಾವಿರಗಟ್ಟಲೆ ಇರುತ್ತೆ, ವರ್ಷ ತುಂಬೋ ಹೊತ್ತಿಗೆ ಇಳಿಯುತ್ತೆ. ವಯಸ್ಸಿಗೆ ತಕ್ಕಂತೇ ಇದೆ." ದಿನಾ ಡೇಟಾ ಜೊತೆಗೇ ಬದುಕೋ ನನಗೆ ಯಾವುದನ್ನ ಯಾವುದಕ್ಕೆ ಹೋಲಿಸಬೇಕು ಅನ್ನೋದೇ ಹೊಳೆದಿರಲಿಲ್ಲ.

ಆದರೂ ಗಂಟು ತೆಗೆದು ಪರೀಕ್ಷಿಸದೆ ಖಚಿತವಾಗಿ ಹೇಳೋ ಹಾಗಿರಲಿಲ್ಲ. ತೊಡೆಸಂದಿಯ ಮೇಲೆ ಸಣ್ಣದಾಗಿ ಕೊಯ್ದು, ವೃಷಣಕ್ಕೆ ಪೆಟ್ಟಾಗದಂತೆ, ಗಂಟನ್ನು ಇಡಿಯಾಗಿ ತೆಗೆದರು. ಬಯಾಪ್ಸಿಯಲ್ಲಿ ಬಂದ ಹೆಸರು ಲಿಪೋಬ್ಲಾಸ್ಟೋಮಾ. ಎಳೆಯ ಕೊಬ್ಬಿನ ಕೋಶಗಳೇ ಸೇರಿ ಆಗೋ ಗಂಟು. ಬರೋದು ಹೆಚ್ಚಾಗಿ 3 ವರ್ಷದೊಳಗಿನ ಮಕ್ಕಳ ಕೈಕಾಲು, ಮೈಯಲ್ಲಿ. ಈ ಜಾಗದಲ್ಲಿ ಬಲು ಅಪರೂಪ. ಕ್ಯಾನ್ಸರ್ ಅಲ್ಲ, ಬೇರೆ ಕಡೆ ಹರಡೋದೂ ಇಲ್ಲ. ಚೂರು ಉಳಿದರೆ ಮಾತ್ರ ಮತ್ತೆ ಬೆಳೆಯಬಹುದು. ಅದಕ್ಕೇ ಕೆಲವು ವರ್ಷ ತೋರಿಸ್ತಾ ಇರಿ ಅಂದರು.

ಇಷ್ಟೆಲ್ಲ ಆದರೂ ಆಫೀಸಿಗೆ ಕಳಿಸಿದ ರಜೆಯ ಮೇಲ್‌ನಲ್ಲಿ ನಾನು ಬರೆದಿದ್ದು 'ಹರ್ನಿಯಾ ಆಪರೇಷನ್' ಅಂತ. ಅಮ್ಮನ ಮೇಲೆ ರೇಗಿದವನೂ ನಾನೇ! ಅವಳದ್ದು ಎರಡು ವಾರದ ಮೌನ. ನನ್ನದು ವರ್ಷ ದಾಟಿತ್ತು.

ಕಳೆದ ತಿಂಗಳು ನಮ್ಮ ಟೀಮಿನ ಹುಡುಗನೊಬ್ಬ ಕ್ಯಾಂಟೀನಿನಲ್ಲಿ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಸರ್, ನಮ್ಮ ಪಾಪುಗೆ ಅಲ್ಲಿ ಊದಿಕೊಂಡಿದೆ. ತಾನಾಗೇ ಹೋಗುತ್ತೆ ಅಂತ ಬಿಟ್ಟಿದ್ದೀವಿ. ನಿಮ್ಮ ಮಗಂದು ಹರ್ನಿಯಾ ಅಲ್ವಾ?"

"ಅಲ್ಲ" ಅಂದೆ. ತಟ್ಟೆ ಪಕ್ಕಕ್ಕಿಟ್ಟು, ದನಿ ತಗ್ಗಿಸದೆ ಎಲ್ಲ ಹೇಳಿದೆ. ಇವತ್ತೇ ಡಾಕ್ಟರಿಗೆ ತೋರಿಸು ಅಂತ ಅಲ್ಲಿಂದಲೇ ಮನೆಗೆ ಕಳಿಸಿದೆ.