ಅಪ್‌ಡೇಟಿಗೊಂದು ತಿಥಿ

ಜಾಲತಾಣ ನಡೆಸುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶ ಕಟ್ಟಿದವರಿಗೆ ಜಾಝ್ ಸಂಗೀತದ ಹುಚ್ಚು. ದೊಡ್ಡ ಆವೃತ್ತಿ ಹೊರಬಂದಾಗಲೆಲ್ಲ ಅದಕ್ಕೊಬ್ಬ ಜಾಝ್ ಕಲಾವಿದರ ಹೆಸರಿಡುತ್ತಾರೆ. 2004ರ 1.0ಕ್ಕೆ ಮೈಲ್ಸ್ ಡೇವಿಸ್, 2.0ಕ್ಕೆ ಡ್ಯೂಕ್ ಎಲಿಂಗ್ಟನ್, 2018ರ 5.0ಕ್ಕೆ ಕ್ಯೂಬಾದ ಪಿಯಾನೋ ವಾದಕ ಬೆಬೊ ವಾಲ್ಡೆಸ್. ನಾನಿರುವುದು ಧಾರವಾಡದ ಹತ್ತಿರದ ಮುಗದದಲ್ಲಿ, ಮನ್ಸೂರು ನಮಗೇನೂ ದೂರವಲ್ಲ. ಈ ತಂತ್ರಾಂಶ ಧಾರವಾಡದ ಸೀಮೆಯಲ್ಲಿ ಹುಟ್ಟಿದ್ದರೆ ಮೊದಲ ಆವೃತ್ತಿ ಮಲ್ಲಿಕಾರ್ಜುನ ಮನ್ಸೂರರದು, ಎರಡನೆಯದು ಗಂಗೂಬಾಯಿ ಹಾನಗಲ್ಲರದು. ಮೂರನೆಯದು ಬಸವರಾಜ ರಾಜಗುರುಗಳದೋ ಭೀಮಸೇನ ಜೋಶಿಯವರದೋ ಎಂಬ ವಾದ ಇನ್ನೂ ನಡೆದೇ ಇರುತ್ತಿತ್ತು. ತಂತ್ರಾಂಶ 2.0ರಲ್ಲೇ ನಿಂತಿರುತ್ತಿತ್ತು.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕೂರಿಗೆ, ಕುಂಟೆ, ಕಳೆ ತೆಗೆಯುವ ಯಂತ್ರ ಮಾಡುವ ಒಂದು ಸಣ್ಣ ಕಾರ್ಖಾನೆ. ಅದರ ಮಾರ್ಕೆಟಿಂಗ್ ವಿಭಾಗದಲ್ಲಿ ನನ್ನ ಕೆಲಸ. ವಿಭಾಗ ಅಂದರೆ ನಾನು, ವಿಡಿಯೋ ಮಾಡುವ ಒಬ್ಬ ಹುಡುಗ, ಹಬ್ಬಕ್ಕೊಂದು ಶುಭಾಶಯದ ಚಿತ್ರ ಬೇಕೇ ಬೇಕು ಅನ್ನುವ ಮಾಲೀಕರು. ಮುಂಜಾನೆ ಲೋಂಡಾ ಕಡೆಯಿಂದ ಬರುವ ಪ್ಯಾಸೆಂಜರ್ ಗಾಡಿಯಲ್ಲಿ ಕೂತು ಫೋನು ತೆಗೆದರೆ ವರ್ಡ್‌ಪ್ರೆಸ್ ಮೇಲೆ ನಿಂತ ನಮ್ಮ ಜಾಲತಾಣದ ಮೂಲೆಯಲ್ಲಿ ಕೆಂಪು ಚುಕ್ಕೆ: ಹೊಸ ಆವೃತ್ತಿ ಬಂದಿದೆ. ಅದನ್ನು ಒತ್ತುವ ಅಧಿಕಾರ ನನಗಿಲ್ಲ, ಧಾರವಾಡದಲ್ಲಿ ಕೂತ ತಾಂತ್ರಿಕ ಹುಡುಗನಿಗೆ ಇದೆ. ಅವನು ಒತ್ತಿದ ಮೇಲೆ ಏನಾಯಿತು ಅಂತ ಮಾಲೀಕರು ಕೇಳುವುದು ಮಾತ್ರ ನನ್ನನ್ನು.

ಈ ವರ್ಡ್‌ಪ್ರೆಸ್ ಹುಟ್ಟಿದ ಕಥೆಯೂ ಒಂದು ಅಪ್‌ಡೇಟಿನದೇ, ಅಂದರೆ ಬಾರದೇ ಹೋದ ಅಪ್‌ಡೇಟಿನದು. ಮಿಶೆಲ್ ವಾಲ್ಡ್ರಿಗಿ ಎಂಬವನು ಬರೆದ ಬಿ2 ಎಂಬ ಪುಟ್ಟ ತಂತ್ರಾಂಶವಿತ್ತು. ಅದರ ಕೆಲಸ ನಿಂತುಹೋದಾಗ, ಅದನ್ನೇ ನೆಚ್ಚಿಕೊಂಡಿದ್ದ ಮ್ಯಾಟ್ ಮುಲ್ಲೆನ್‌ವೆಗ್ ಎಂಬ ಕಾಲೇಜು ಹುಡುಗ ಇನ್ನು ತನ್ನ ಗತಿಯೇನು ಅಂದುಕೊಂಡ. ಇಂಗ್ಲೆಂಡಿನ ಮೈಕ್ ಲಿಟಲ್ ಕೈಜೋಡಿಸಿದ. ಹಳೆಯದನ್ನೇ ಎತ್ತಿಕೊಂಡು ಮುಂದುವರಿಸಿ 2003ರ ಮೇ 27ರಂದು ಬಿಟ್ಟರು. ಇವತ್ತು ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ನಿಂತಿರುವುದು ಇದರ ಮೇಲೆಯೇ. ಅಪ್‌ಡೇಟನ್ನು ಬೈಯುವ ಮುನ್ನ ಇಷ್ಟು ನೆನಪಿರಲಿ ಅಂತ ಹೇಳಿದೆ. ಯಾರೂ ಅಪ್‌ಡೇಟ್ ಮಾಡದ ವೇದಿಕೆ ಸತ್ತ ವೇದಿಕೆ.

ವೇದಿಕೆ ಬದಲಾದರೆ ಮೇಲಿನ ಮಾತೂ ಅಲ್ಲಾಡುತ್ತದೆ ಅನ್ನುವುದು ಕನ್ನಡಕ್ಕೆ ಕಂಪ್ಯೂಟರಿಗಿಂತ ಮೊದಲೇ ಗೊತ್ತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಕಲ್ಲಚ್ಚಿನಲ್ಲಿ. ಮರುವರ್ಷವೇ ಪತ್ರಿಕೆ ಅಚ್ಚುಮೊಳೆಯ ಸೌಕರ್ಯವಿದ್ದ ಬಳ್ಳಾರಿಗೆ ಹೋಯಿತು. ಹೋಗುತ್ತಲೇ ಹೆಸರೂ ‘ಕನ್ನಡ ಸಮಾಚಾರ’ ಆಯಿತು. ತಂತ್ರ ಬದಲಾಯಿತು, ಊರು ಬದಲಾಯಿತು, ಹೆಸರೂ ಬದಲಾಯಿತು. ಇವತ್ತಿನ ಯಾವ ಮಾರ್ಕೆಟಿಂಗ್ ಮ್ಯಾನೇಜರನಿಗೆ ಹೇಳಿದರೂ ಎದೆ ಹಿಡಿದುಕೊಂಡಾನು.

ನಮ್ಮ ಎದೆ ಝಲ್ಲೆಂದದ್ದು ಒಂದು ಕೃಷಿಮೇಳದ ಹೊತ್ತಿನಲ್ಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮೇಳಕ್ಕೆ ಸುತ್ತಲ ಜಿಲ್ಲೆಗಳ ರೈತರು ಬರುತ್ತಾರೆ. ನಮ್ಮ ವರ್ಷದ ವಿಚಾರಣೆಗಳಲ್ಲಿ ದೊಡ್ಡ ಪಾಲು ಆಗಲೇ. ಆ ಸಲ ಮಳಿಗೆಯ ಮುಂದೆ ಜನ ಇದ್ದರು, ಜಾಲತಾಣದಿಂದ ಮಾತ್ರ ಹೆಸರುಗಳೇ ಬರುತ್ತಿಲ್ಲ. ಕಾರಣಗಳಿಗೆ ಬರವೇ? ಸೋಯಾ ದರ ಬಿದ್ದಿದೆ, ಮಳೆ ಕೈಕೊಟ್ಟಿದೆ, ಎದುರಾಳಿ ಕಂಪನಿಯವರು ಫೇಸ್‌ಬುಕ್ಕಿಗೆ ದುಡ್ಡು ಸುರಿಯುತ್ತಿದ್ದಾರೆ. “ನಾವೂ ಜಾಹೀರಾತಿಗೆ ಇನ್ನಷ್ಟು ರೊಕ್ಕ ಹಾಕೂಣೇನ್ರಿ?” ಅಂದರು ಮಾಲೀಕರು. ಹಾಕಿದೆವು ಕೂಡ. ಆಮೇಲೆ ಕಲಘಟಗಿ ಕಡೆಯ ರೈತರೊಬ್ಬರು ಕಚೇರಿಗೆ ಫೋನ್ ಮಾಡಿದರು: “ನಿಮ್ಮ ವೆಬ್‌ಸೈಟಿನ್ಯಾಗ ಹೆಸರು, ನಂಬರ್ ಎಲ್ಲಾ ಬರದೀನ್ರಿ. ಹಸರ ಅಕ್ಷರದಾಗ ಧನ್ಯವಾದ ಅಂತ ಬಂತು. ಯಾರೂ ಫೋನ್ ಹಚ್ಚಲೇ ಇಲ್ಲಲ್ರಿ?”

ಮೇಳಕ್ಕೆ ಮೊದಲು ಒಂದು ರಾತ್ರಿ ಫಾರ್ಮಿನ ಪ್ಲಗಿನ್, ಅಂದರೆ ವರ್ಡ್‌ಪ್ರೆಸ್ಸಿಗೆ ಅಂಟಿಸುವ ಬಿಡಿ ತಂತ್ರಾಂಶ, ಅಪ್‌ಡೇಟ್ ಆಗಿತ್ತು. ತುಂಬಿದವರಿಗೆ ಧನ್ಯವಾದ ಹೇಳುವುದನ್ನು ಅದು ಮರೆತಿರಲಿಲ್ಲ, ನಮಗೆ ಇಮೇಲ್ ಕಳಿಸುವುದನ್ನು ಮರೆತಿತ್ತು.

ಪುಟ ಬಿಳಿಯಾಗಿ ಬಿದ್ದಿದ್ದರೆ ಅಂದೇ ಗೊತ್ತಾಗುತ್ತಿತ್ತು, ತಾಂತ್ರಿಕ ಹುಡುಗನೂ ಓಡಿ ಬರುತ್ತಿದ್ದ. ಮಾರ್ಕೆಟಿಂಗಿನವರನ್ನು ಕೆಡಿಸುವ ಅಪ್‌ಡೇಟ್ ಹಾಗೆ ಬೀಳುವುದಿಲ್ಲ. ಅದು ಮಾರುಕಟ್ಟೆಯ ವೇಷ ಹಾಕಿಕೊಂಡು ಬರುತ್ತದೆ. ಬೇಡಿಕೆ ಇಳಿದ ಹಾಗೆ, ಜಾಹೀರಾತು ಸೋತ ಹಾಗೆ, ಜನರ ಮನಸ್ಸು ಬದಲಾದ ಹಾಗೆ ಕಾಣಿಸುತ್ತದೆ. ತಾಣಕ್ಕೆ ಬಂದವರನ್ನು ಎಣಿಸುವ ಕೋಡನ್ನು ತಾಣದ ರೂಪ ನಿರ್ಧರಿಸುವ ಥೀಮಿನ ಕಡತದಲ್ಲೇ ಅಂಟಿಸಿದ್ದರೆ, ಥೀಮ್ ಅಪ್‌ಡೇಟ್ ಆದ ಕೂಡಲೇ ಅದು ಅಳಿಸಿಹೋಗುತ್ತದೆ. ಬರುವ ಮಂದಿ ಬಂದೇ ಬರುತ್ತಾರೆ, ಲೆಕ್ಕದಲ್ಲಿ ಮಾತ್ರ ಇರುವುದಿಲ್ಲ. ಪುಟ ತೆರೆಯುವುದು ಒಂದೆರಡು ಸೆಕೆಂಡ್ ನಿಧಾನವಾದರೆ ಹಳ್ಳಿಯ ನೆಟ್‌ವರ್ಕಿನಲ್ಲಿ ಕೂತವರು ಅರ್ಧಕ್ಕೇ ಬಿಟ್ಟು ಹೋಗುತ್ತಾರೆ. ನಾವು ಸಭೆ ಸೇರಿ ಘೋಷವಾಕ್ಯ ಬದಲಾಯಿಸುತ್ತೇವೆ.

ಮನೆಯಲ್ಲಿ ಇದನ್ನು ಹೇಳಿದಾಗ ಮಾವನವರಿಗೆ ಆಶ್ಚರ್ಯವೇನೂ ಆಗಲಿಲ್ಲ. “ಬೆಳಿ ಕಡಿಮಿ ಬಂತಂದ್ರ ಮಳಿಗೆ ಬಯ್ಯೂಕಿಂತ ಮೊದಲ, ಬೀಜ ಯಾವ್ದು, ಎಂದ ಬಿತ್ತಿದ್ದು ಅದನ್ನ ನೋಡಬೇಕ ಯವ್ವಾ” ಅಂದರು. ಅವರು ಮಾತನಾಡುವುದು ಭತ್ತದ ಬಗ್ಗೆ. ನಮ್ಮೂರಲ್ಲೇ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವಿದೆ. ‘ಮುಗದ ಸುಗಂಧ’ ಎಂಬ ಪರಿಮಳದ ತಳಿಗೆ ಊರಿನ ಹೆಸರೇ ಇದೆ. ಹೊಸ ತಳಿ ಬಿಡುಗಡೆಯಾಯಿತು ಅಂದರೆ ಮಾವನವರು ಬೇಡ ಅನ್ನುವವರಲ್ಲ, ಹೊಲಕ್ಕೆಲ್ಲ ಒಮ್ಮೆಗೇ ಹಾಕುವವರೂ ಅಲ್ಲ. ರೋಹಿಣಿ ಮಳೆಗೆ ಕೂರಿಗೆ ಹೂಡುವಾಗ ಒಂದು ಮೂಲೆಗೆ ಹೊಸದು, ಉಳಿದದ್ದಕ್ಕೆ ಹಳೆಯದು. ಹಳೆಯ ಬೀಜ ಮುಂದಿನ ವರ್ಷಕ್ಕೂ ಕಣಜದಲ್ಲಿ ಇರಲೇಬೇಕು. ಯಾವ ಹೊಲಕ್ಕೆ ಯಾವುದು ಎಂದು ಬಿದ್ದಿತು ಅನ್ನುವುದು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ.

ತಾಂತ್ರಿಕ ಹುಡುಗರು ಇದನ್ನೇ ಸ್ಟೇಜಿಂಗ್ ಅನ್ನುತ್ತಾರೆ, ಬ್ಯಾಕಪ್ ಅನ್ನುತ್ತಾರೆ. ಜಾಲತಾಣದ ಒಂದು ಪ್ರತಿ ಪಕ್ಕದಲ್ಲಿ ನಿಲ್ಲಿಸಿ ಅದರ ಮೇಲೆ ಮೊದಲು ಅಪ್‌ಡೇಟ್ ಹಾಕಿ ನೋಡುವುದು. ಅವರಿಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಆ ಪ್ರತಿಯಲ್ಲಿ ಏನನ್ನು ನೋಡಬೇಕು ಅನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು? ಪುಟ ತೆರೆದುಕೊಂಡರೆ ಅವರ ಕೆಲಸ ಮುಗಿಯಿತು. ಫಾರ್ಮ್ ತುಂಬಿ ಇಮೇಲ್ ಬಂತೇ, ವಾಟ್ಸ್‌ಆ್ಯಪಿನ ಗುಂಡಿ ಸರಿಯಾದ ನಂಬರಿಗೇ ಹೋಗುತ್ತದೆಯೇ, ಜಾಹೀರಾತಿನಿಂದ ಬಂದವರು ಇಳಿಯುವ ಪುಟ ನೆಟ್ಟಗಿದೆಯೇ, ಇವನ್ನು ಹೇಳಬೇಕಾದವರು ನಾವು.

ಹಾಗಾದರೆ ಅಪ್‌ಡೇಟೇ ಬೇಡ ಅನ್ನೋಣವೇ? ಮೇಳದ ಕಥೆಯ ನಂತರ ನಮ್ಮ ಮಾಲೀಕರ ತೀರ್ಪು ಅದೇ ಆಗಿತ್ತು. ಆದರೆ ಅಪ್‌ಡೇಟ್ ಮಾಡದವರ ಗತಿ ಏನಾಯಿತು ನೋಡಿ. 2017ರ ಜನವರಿ 26ರಂದು, ನಾವಿಲ್ಲಿ ಧ್ವಜ ಏರಿಸುವ ದಿನ, ವರ್ಡ್‌ಪ್ರೆಸ್ 4.7.2 ಬಂತು. ಯಾರು ಬೇಕಾದರೂ ಪಾಸ್‌ವರ್ಡ್ ಇಲ್ಲದೆ ಪುಟದ ಬರಹ ತಿದ್ದಬಹುದಾಗಿದ್ದ ಒಂದು ತೂತನ್ನು ಅದು ಮುಚ್ಚಿತು. ತೂತು ಇತ್ತು ಅನ್ನುವುದನ್ನು ಜನ ಅಪ್‌ಡೇಟ್ ಮಾಡಿಕೊಳ್ಳಲಿ ಅಂತ ಸುಮಾರು ಒಂದು ವಾರ ಕಾದು ಹೊರಗೆ ಹೇಳಿದರು. ಆದರೂ ಮಾಡಿಕೊಳ್ಳದವರ ಲಕ್ಷಗಟ್ಟಲೆ ಪುಟಗಳ ಮೇಲೆ ಪುಂಡರು ತಮ್ಮ ಹೆಸರು ಗೀಚಿ ಹೋದರು. ಮಾರ್ಕೆಟಿಂಗಿನವರು ವಾರಗಟ್ಟಲೆ ತೂಗಿ ಬರೆದ ಸಾಲಿನ ಜಾಗದಲ್ಲಿ ಯಾವನದೋ ಬೈಗುಳ ಇದ್ದರೆ ಹೇಗಿರುತ್ತದೆ?

ದೊಡ್ಡ ಅಪ್‌ಡೇಟುಗಳ ತಾಪತ್ರಯ ಬೇರೆಯದು. 2018ರ 5.0 ಬರೆಯುವ ಜಾಗವನ್ನೇ ಬದಲಾಯಿಸಿತು; ಇಡೀ ಪುಟವನ್ನು ಒಂದೇ ಹಾಳೆಯಂತೆ ಬರೆಯುತ್ತಿದ್ದವರು ಬ್ಲಾಕುಗಳನ್ನು ಜೋಡಿಸಬೇಕಾಯಿತು. ಈ ಹೊಸ ಎಡಿಟರಿಗೆ ಇಟ್ಟ ಹೆಸರು ಮುದ್ರಣದ ಗುಟೆನ್‌ಬರ್ಗನದು. ಒಪ್ಪದವರಿಗಾಗಿ ಹಳೆಯ ಎಡಿಟರನ್ನು ಪ್ಲಗಿನ್ ಮಾಡಿ ಉಳಿಸಿಕೊಟ್ಟರು. 2020ರ ಆಗಸ್ಟಿನ 5.5ರಲ್ಲಿ ಜೆಕ್ವೆರಿ ಮೈಗ್ರೇಟ್ ಎಂಬ ಹಳೆಯ ಊರುಗೋಲನ್ನು ತೆಗೆದರು. ಎಷ್ಟೋ ಥೀಮುಗಳು ಅದರ ಮೇಲೆಯೇ ನಿಂತಿದ್ದವು. ಮೆನು ತೆರೆಯದ, ಸ್ಲೈಡರ್ ಸರಿಯದ ತಾಣಗಳಿಗಾಗಿ ಅದನ್ನು ಮರಳಿ ಕೊಡುವ ಇನ್ನೊಂದು ಪ್ಲಗಿನ್ ಬಿಡಬೇಕಾಯಿತು. ಕೊರೊನಾದಿಂದ ಅಂಗಡಿಗಳೆಲ್ಲ ಆನ್‌ಲೈನಿಗೆ ನುಗ್ಗಿದ್ದ ಕಾಲ ಅದು!

     

ಈಗ ನಮ್ಮ ಕಚೇರಿಯ ಗೋಡೆಯ ಮೇಲೂ ಒಂದು ಕ್ಯಾಲೆಂಡರ್ ಇದೆ. ಯಾವ ಅಪ್‌ಡೇಟ್ ಎಂದು ಆಯಿತು ಅನ್ನುವುದು ನೀಲಿ ಶಾಯಿಯಲ್ಲಿ, ಜಾಹೀರಾತು ಶುರುವಾದ ದಿನ ಕೆಂಪಿನಲ್ಲಿ. ವಿಚಾರಣೆ ಇಳಿದರೆ ಮೊದಲು ನೀಲಿ ನೋಡುವುದು, ಆಮೇಲೆ ಸೋಯಾ ದರ. ಈ ಸಲ ಮೇಳಕ್ಕೆ ಮೊದಲು ತಾಂತ್ರಿಕ ಹುಡುಗನನ್ನು ಕರೆಸಿ ಚಹಾ ಕೊಟ್ಟು ಮಾತಾಡಿದೆವು. “ಸೆಕ್ಯುರಿಟೀದು ಬಂದ್ರ ಅವತ್ತ ಹಾಕ್ತೀನ್ರಿ ಮೇಡಂ, ಅದಕ್ಕ ಕಾಯಂಗಿಲ್ಲ. ಉಳಿದದ್ದೆಲ್ಲ ಮೇಳ ಮುಗದ ಮ್ಯಾಲೆ” ಅಂದ. ದಿನ ಗೊತ್ತುಮಾಡಿ ನೀಲಿ ಗುರುತು ಹಾಕಿದೆ. ಮಾಲೀಕರು ಕನ್ನಡಕ ಏರಿಸಿ ಹತ್ತಿರ ಹೋಗಿ ನೋಡಿದರು.

“ಅವತ್ತ ಅಮಾಸಿ ಐತಲ್ರಿ. ಬ್ಯಾಡ.”

ಅಮಾವಾಸ್ಯೆಗೆ ಕಾರ್ಖಾನೆಯ ಯಂತ್ರಗಳಿಗೆ ಪೂಜೆ, ಮಾರಾಟದ ಗದ್ದಲವಿಲ್ಲ. ಅಪ್‌ಡೇಟಿಗೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ ಅಂತ ಹುಡುಗ ವಾದಿಸಿದ. ನಾನು ಅವನ ಕಡೆಗಿದ್ದೆ. ಕೊನೆಗೆ ಮಾಲೀಕರು, ಸರ್ವರ್‌ಗೂ ಒಂದು ಕಾಯಿ ಒಡೆಯುವುದಾದರೆ ಅಡ್ಡಿಯಿಲ್ಲ ಅಂದರು. ಸರ್ವರ್ ಇರುವುದು ಮುಂಬಯಿಯಲ್ಲಿ ಅಂತ ಅವರಿಗೆ ಇನ್ನೂ ಯಾರೂ ಹೇಳಿಲ್ಲ.