ಮಿಲ್ಟ್ರಿ ತಾತನ ಸುಳ್ಳುಗಳು

ಯುದ್ಧಕ್ಕೆ ಹೋಗಿ ಸತ್ತವರನ್ನು ಹುಡುಕುವುದು ಅಂಥ ಕಷ್ಟದ ಕೆಲಸವಲ್ಲ. ರಂಗೂನಿನ ಹೊರಗೆ ಟೌಕ್ಯಾನ್‌ನಲ್ಲಿರುವ ಸ್ಮಾರಕದ ಮೇಲೆ ಸುಮಾರು 27,000 ಹೆಸರುಗಳಿವೆ. ಬರ್ಮಾದ ಕಾಳಗದಲ್ಲಿ ಮಡಿದು ಗೋರಿಯ ಗುರುತೂ ಉಳಿಯದೆ ಹೋದವರ ಹೆಸರುಗಳು. ಸಿಂಗಪುರದ ಕ್ರಾಂಜಿಯಲ್ಲಿ ಇನ್ನೂ 24,000ಕ್ಕೂ ಮಿಕ್ಕಿ ಇವೆ. 1917ರಲ್ಲಿ ಸ್ಥಾಪನೆಯಾದ ಯುದ್ಧಗೋರಿಗಳ ಆಯೋಗವು ಇವರೆಲ್ಲರ ಪಟ್ಟಿ ಇಟ್ಟಿದೆ: ನಂಬರು, ದಳ, ಸತ್ತ ದಿನ, ಅದೃಷ್ಟವಿದ್ದರೆ ಅಪ್ಪನ ಹೆಸರು ಮತ್ತು ಊರು. ಬದುಕಿ ಬಂದು, ಖಾಕಿ ಬಿಚ್ಚಿ, ರಾಗಿ ಹೊಲಕ್ಕೆ ಇಳಿದವನಿಗೆ ಇಂಥ ಪಟ್ಟಿ ಇಲ್ಲ.

ಜವಳಗಿರಿಯ ಮೇಷ್ಟ್ರೊಬ್ಬರ ಚಿಕ್ಕತಾತ ಹೀಗೆ ಬದುಕಿ ಬಂದು ಮೊಮ್ಮಗನನ್ನು ಪೇಚಿಗೆ ಸಿಕ್ಕಿಸಿದವನು. ಊರಿಗೆಲ್ಲ ಅವನು ‘ಮಿಲ್ಟ್ರಿ ತಾತ’. ಬಿಟ್ಟುಹೋದದ್ದು ಒಂದು ಹಸಿರು ಟ್ರಂಕು, ಅದರೊಳಗೆ ಎರಡು ಪದಕ, ಒಂದು ಬೆಲ್ಟು, ಗೆದ್ದಲು ತಿಂದು ಉಳಿಸಿದ ಡಿಸ್ಚಾರ್ಜ್ ಕಾಗದದ ಒಂದು ಮೂಲೆ. ಅದರ ಜೊತೆಗೆ ಊರು ತುಂಬ ಕಥೆಗಳು. ಮೇಷ್ಟ್ರು ಗಡಿ ಭಾಗದ ಕನ್ನಡ ಶಾಲೆಯಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ಹಿಟ್ಲರ್, ಸ್ಟಾಲಿನ್‌ಗ್ರಾಡ್, ಹಿರೋಶಿಮಾಗಳನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ಅಳಿಸಿದವರು. ಎರಡನೇ ಮಹಾಯುದ್ಧದಲ್ಲಿ 25 ಲಕ್ಷ ಭಾರತೀಯರು ಸೈನ್ಯದಲ್ಲಿದ್ದರು ಎಂದು ಓದಿಸುವಾಗಲೆಲ್ಲ, ಅದರಲ್ಲೊಬ್ಬ ತಮ್ಮ ಮನೆಯ ಜಗಲಿಯಲ್ಲೇ ಬೀಡಿ ಸೇದಿಕೊಂಡು ಕೂತಿದ್ದನಲ್ಲ ಎಂಬ ಯೋಚನೆ ಬಂದು ಹೋಗುತ್ತಿತ್ತು. ಆಗ ಕೇಳಲು ಪುರುಸೊತ್ತಿರಲಿಲ್ಲ. ಪುರುಸೊತ್ತು ಬಂದಾಗ ತಾತ ಇರಲಿಲ್ಲ.

ಹುಡುಕಾಟದ ಮೊದಲ ತೊಡಕು ಊರಿನದೇ. ಇವತ್ತು ಜವಳಗಿರಿ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಆದರೆ ಆ ಜಿಲ್ಲೆ ಹುಟ್ಟಿದ್ದು 2004ರಲ್ಲಿ. ಅದಕ್ಕೆ ಮುಂಚೆ ಧರ್ಮಪುರಿ, ಅದೂ 1965ರದು. ತಾತ ಸೈನ್ಯ ಸೇರುವಾಗ ಇದು ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆ. ಕೃಷ್ಣಗಿರಿ ಎಂದು ಹುಡುಕಿದರೆ ಹಳೆಯ ಯಾವ ಪಟ್ಟಿಯೂ ಬಾಯಿ ಬಿಡುವುದಿಲ್ಲ. ಇನ್ನು ಜವಳಗಿರಿಯನ್ನು ಇಂಗ್ಲಿಷಿನಲ್ಲಿ ಒಬ್ಬ ಗುಮಾಸ್ತ ‘ವಿ’ ಹಾಕಿ ಬರೆದರೆ ಇನ್ನೊಬ್ಬ ‘ಡಬ್ಲ್ಯು’ ಹಾಕಿ ಬರೆಯುತ್ತಾನೆ.

ಎರಡನೇ ತೊಡಕು ಗಡಿಯದು. ಕಾಡಿನ ಅಂಚು ದಾಟಿ ಆನೇಕಲ್ ಕಡೆ ನಡೆದರೆ ಆಗ ಅದು ಮೈಸೂರು ಮಹಾರಾಜರ ಸೀಮೆ. ಬೆಂಗಳೂರಿನ ದಂಡು ಪ್ರದೇಶ ಮಾತ್ರ ಮತ್ತೆ ಬ್ರಿಟಿಷರದು. 1881ರಿಂದ ಅವರ ಆಡಳಿತದಲ್ಲಿದ್ದ ಅದು ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ. ಹಾಗಾಗಿ ಜವಳಗಿರಿಯಿಂದ ಬುತ್ತಿ ಕಟ್ಟಿಕೊಂಡು ಬೆಂಗಳೂರಿಗೆ ನಡೆದ ಹುಡುಗ ದಾರಿಯಲ್ಲಿ ಒಂದು ರಾಜ್ಯ ಬಿಟ್ಟು, ಇನ್ನೊಂದನ್ನು ದಾಟಿ, ಕೊನೆಗೆ ಮೊದಲಿನದಕ್ಕೇ ಬಂದು ಸೇರುತ್ತಿದ್ದ. ಅವನು ಯಾವ ಬಾಗಿಲು ತಟ್ಟಿದ? ಮೈಸೂರು ಸಂಸ್ಥಾನದ ಪಡೆಯದಾ, ಹಲಸೂರಿನ ಮದ್ರಾಸ್ ಸ್ಯಾಪರ್ಸ್ ಎಂಬ ಇಂಜಿನಿಯರ್ ದಳದ್ದಾ, ಬೇರೆ ಯಾವುದಾದರೂ ದಳದ್ದಾ? ಉತ್ತರ ಬದಲಾದರೆ ಯುದ್ಧವೇ ಬದಲಾಗುತ್ತದೆ. ಒಂದನೇ ಮೈಸೂರು ಇನ್‌ಫೆಂಟ್ರಿಯವರು 1942ರ ಫೆಬ್ರವರಿಯಲ್ಲಿ ಸಿಂಗಪುರ ಬಿದ್ದಾಗ ಜಪಾನೀಯರ ಕೈಗೆ ಸಿಕ್ಕಿ ಸೆರೆಯಾಳುಗಳಾದರು. ಸ್ಯಾಪರ್ಸ್ ಆಗಿದ್ದರೆ ಇಟಲಿಗೂ ಹೋಗಿರಬಹುದು. ಅಲ್ಲಿ 1944ರಲ್ಲಿ ಜೊತೆಯವರನ್ನು ಉಳಿಸಲು ನೆಲಬಾಂಬಿನ ಮೇಲೆ ಬಿದ್ದು ಜಾರ್ಜ್ ಕ್ರಾಸ್ ಪಡೆದ ಸುಬೇದಾರ್ ಸುಬ್ರಮಣಿಯಂ ಆ ದಳದವರೇ.

ಈ ಸೀಮೆಯಿಂದ ಸೈನ್ಯಕ್ಕೆ ಯಾಕೆ ಹೋದರು ಎಂದು ಕೇಳಿದರೆ ದೇಶಭಕ್ತಿ, ರಾಜಭಕ್ತಿ ಎರಡೂ ಸರಿಹೊಂದುವುದಿಲ್ಲ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿ ಆಗ ಮದ್ರಾಸಿನ ಪ್ರಧಾನಿ. ಯಾರನ್ನೂ ಕೇಳದೆ ವೈಸ್‌ರಾಯ್ ಲಿನ್‌ಲಿತ್ಗೋ 1939ರ ಸೆಪ್ಟೆಂಬರ್ 3ರಂದು ಭಾರತವನ್ನು ಯುದ್ಧಕ್ಕೆ ಎಳೆದ ಮೇಲೆ, ಅಕ್ಟೋಬರ್ ಕೊನೆಗೆ ರಾಜಾಜಿಯವರ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಒಂದೇ ಸೀಮೆಯವರಲ್ಲಿ ಒಬ್ಬರು ಯುದ್ಧದ ಕಾರಣಕ್ಕೆ ಕೆಲಸ ಬಿಟ್ಟರು, ಇನ್ನೊಬ್ಬ ಯುದ್ಧದ ಕಾರಣಕ್ಕೇ ಕೆಲಸ ಹಿಡಿದ. ತಾತನ ಕಾರಣವನ್ನು ಅಜ್ಜಿ ಹೇಳುತ್ತಿದ್ದುದು ಚಿಕ್ಕದಾಗಿ: “ಮಳೆ ಇರ್ಲಿಲ್ಲ. ಸಂಬಳ ಇತ್ತು.”

ಮದ್ರಾಸಿಗಳು ಕಾದಾಡುವ ಜಾತಿಯವರಲ್ಲ ಎಂಬ ಸಿದ್ಧಾಂತವನ್ನು ಲಾರ್ಡ್ ರಾಬರ್ಟ್ಸ್‌ರಂಥ ದಂಡನಾಯಕರು ಹತ್ತೊಂಬತ್ತನೇ ಶತಮಾನದ ಕೊನೆಗೇ ಗಟ್ಟಿ ಮಾಡಿದ್ದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಮದ್ರಾಸಿನ ಕಾಲಾಳು ಪಡೆಗಳನ್ನು ಒಂದೊಂದಾಗಿ ಮುಚ್ಚಿದರು. ಮತ್ತೆ ಯುದ್ಧ ಬಂದು ಆಳುಗಳು ಸಾಲದೇ ಹೋದಾಗ ಆ ಸಿದ್ಧಾಂತ ಒಂದೇ ಏಟಿಗೆ ಆವಿಯಾಯಿತು. ಬಂದೂಕಿಗಿಂತ ಹೆಚ್ಚಾಗಿ ಸ್ಟೀರಿಂಗು, ಸೌಟು, ಸನಿಕೆ ಹಿಡಿಯುವವರು ಬೇಕಾಗಿದ್ದರು.

ತಾತ ಯಾವ ದಳದವನೆಂಬ ಗುಟ್ಟು ಬಿಟ್ಟುಕೊಟ್ಟದ್ದು ಪದಕ. ಎರಡರಲ್ಲಿ ಒಂದು ದುಂಡಗಿನದು. ಒಂದು ಕಡೆ ದೊರೆಯ ತಲೆ, ಇನ್ನೊಂದು ಕಡೆ ಎರಡು ತಲೆಯ ಡ್ರ್ಯಾಗನ್ನನ್ನು ತುಳಿದು ನಿಂತ ಸಿಂಹ. ಇನ್ನೊಂದು ಆರು ಮೂಲೆಯ ನಕ್ಷತ್ರ. ಅದರ ಪಟ್ಟಿ ಹರಿದು ಎಳೆ ಎಳೆಯಾಗಿದ್ದರೂ ನಡುವಿನ ಕೆಂಪು, ಅಕ್ಕಪಕ್ಕದ ಕಡುನೀಲಿ, ಅದರೊಳಗಿನ ಕಿತ್ತಳೆ ಗೆರೆ ಇನ್ನೂ ಕಾಣುತ್ತಿದ್ದವು: ಬರ್ಮಾ ಸ್ಟಾರ್. ದುಂಡು ಪದಕದ ಅಂಚಿನಲ್ಲಿ ನಂಬರು, ಹೆಸರು, ದಳ ಕೊರೆದಿದ್ದವು. ಕೊರೆದಿದ್ದವು ಎನ್ನುವುದೇ ಸರಿ, ಏಕೆಂದರೆ ಅಜ್ಜಿ ಪ್ರತಿ ಆಯುಧಪೂಜೆಗೂ ಅದನ್ನು ಹಿತ್ತಾಳೆ ಚೊಂಬಿನ ಜೊತೆ ಸೇರಿಸಿ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಮೇಷ್ಟ್ರು ಬೂದಿ ಸವರಿ, ಟಾರ್ಚನ್ನು ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿದಾಗ ನಂಬರಿನ ಕೆಲವು ಅಂಕಿಗಳೂ ದಳದ ಅಕ್ಷರಗಳೂ ಸಿಕ್ಕವು. ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಅಂದರೆ ಅಕ್ಕಿ, ಬೇಳೆ, ಪೆಟ್ರೋಲು ಸಾಗಿಸುವವರು. ತಾತ ಲಾರಿ ಡ್ರೈವರ್.

ಇದು ಮನೆಯವರಿಗೆ ಅಷ್ಟು ರುಚಿಸಲಿಲ್ಲ. ಅವರ ಪಾಲಿಗೆ ತಾತ ಸುಭಾಷ್ ಬೋಸರ ಆಜಾದ್ ಹಿಂದ್ ಫೌಜಿನವನು, ಬೋಸರ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಉಂಡವನು. ಎಲ್ಲರೂ ನಂಬಿದ ಕಥೆ ಇದೊಂದೇ. ಆದರೆ ಆ ಫೌಜು ಸೇರಿದ ಸೈನಿಕರನ್ನು ಯುದ್ಧದ ನಂತರ ಕೆಲಸದಿಂದ ತೆಗೆದರು, ಬಾಕಿ ಸಂಬಳವನ್ನೂ ಮುಟ್ಟುಗೋಲು ಹಾಕಿದರು. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಯೋಜನೆ ಅವರ ಕೈಹಿಡಿದದ್ದು 1972ರಲ್ಲಿ. ದೊರೆಯ ಪದಕವನ್ನು ಟ್ರಂಕಿನಲ್ಲಿಟ್ಟುಕೊಂಡವನು ಅವರ ಪೈಕಿ ಆಗಿರುವುದು ಕಷ್ಟ. ಬೋಸರ ಕಥೆ ಮನೆಯಲ್ಲಿ ಹುಟ್ಟಿದ್ದೂ ಆ 1972ರ ಆಸುಪಾಸಿನಲ್ಲೇ ಇರಬೇಕೆಂಬುದು ಮೇಷ್ಟ್ರ ಗುಮಾನಿ.

ಊರವರು ನಕ್ಕು ತಳ್ಳಿಹಾಕಿದ ಕಥೆಗಳ ಗತಿಯೇ ಬೇರೆ. ತಾತ ಹೇಳುತ್ತಿದ್ದನಂತೆ: “ಮಣ್ಣಿನ ಮೇಲೆ ಗೋಣಿತಾಟು ಹಾಸಿ ರಸ್ತೆ ಮಾಡಿದ್ರು, ಅದರ ಮೇಲೆ ಲಾರಿ ಓಡಿಸ್ದೆ.” ಅರಳಿಕಟ್ಟೆಯಲ್ಲಿ ನಗೆಯೋ ನಗೆ. ಆದರೆ ಬರ್ಮಾ ಗಡಿಯ ತಾಮುವಿನಿಂದ ಕಲೇವಾವರೆಗೆ 1944–45ರಲ್ಲಿ ಮಾಡಿದ್ದು ನಿಜವಾಗಿಯೂ ಅದನ್ನೇ. ಆ ಕಾಡಿನಲ್ಲಿ ಜಲ್ಲಿ ಸಿಗುತ್ತಿರಲಿಲ್ಲ, ಮಳೆ ಬಿದ್ದರೆ ಚಕ್ರ ಹೂತು ಹೋಗುತ್ತಿತ್ತು. ಇಂಜಿನಿಯರುಗಳು ನೆಲವನ್ನು ಸಮ ಮಾಡಿ, ಡಾಂಬರಿನಲ್ಲಿ ಅದ್ದಿದ ಸೆಣಬಿನ ತಾಟನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಮೈಲುಗಟ್ಟಲೆ ಹಾಸಿದರು. ನೀರು ಕೆಳಗೆ ಇಳಿಯದಿದ್ದರೆ ಮಣ್ಣು ಗಟ್ಟಿಯಾಗಿರುತ್ತದೆ, ಗಟ್ಟಿಯಾದ ಮಣ್ಣು ಲಾರಿ ಹೊರುತ್ತದೆ. ಲೆಕ್ಕ ಅಷ್ಟೇ.

“ನೀರಿನ ಮೇಲೆ ತೇಲೋ ಸೇತುವೆ” ಎಂಬುದು ಇನ್ನೊಂದು. ಕಲೇವಾದ ಹತ್ತಿರ ಚಿಂದ್ವಿನ್ ನದಿಗೆ 1944ರ ಡಿಸೆಂಬರಿನಲ್ಲಿ ಹಾಕಿದ ಬೈಲಿ ಸೇತುವೆ 1,154 ಅಡಿ ಉದ್ದವಿತ್ತು, ದೋಣಿಗಳ ಮೇಲೆ ತೇಲುತ್ತಿತ್ತು. ಆಗಿನ ಮಟ್ಟಿಗೆ ಜಗತ್ತಿನಲ್ಲೇ ಅತಿ ಉದ್ದದ ಬೈಲಿ ಸೇತುವೆ ಅದು.

ತಾತ ರಜೆಗೆ ಬಂದಾಗ ಮೈಯೆಲ್ಲ ಅರಿಸಿನದಂತೆ ಹಳದಿಯಾಗಿತ್ತಂತೆ. ಕಾಮಾಲೆಯೆಂದು ಅಜ್ಜಿ ನಾಟಿ ಔಷಧಿ ಕುಡಿಸಿದಳು. ಅವನು “ಇದು ಸರ್ಕಾರದ ಮಾತ್ರೆ ಬಣ್ಣ” ಎಂದರೆ ಕೇಳಲಿಲ್ಲ. ಅದೂ ನಿಜವೇ. 1943ರಲ್ಲಿ ಆ ರಂಗದಲ್ಲಿ ಗಾಯಗೊಂಡ ಒಬ್ಬನಿಗೆ ಕಾಯಿಲೆ ಬಿದ್ದವರು 120 ಮಂದಿ ಇದ್ದರೆಂದು ಬರ್ಮಾದಲ್ಲಿ ಕಾದಾಡಿದ ಹದಿನಾಲ್ಕನೇ ಸೇನೆಯ ದಂಡನಾಯಕ ವಿಲಿಯಂ ಸ್ಲಿಮ್ ಬರೆದಿದ್ದಾನೆ. ಮಲೇರಿಯಾ ತಡೆಯಲು ಮೆಪಾಕ್ರಿನ್ ಮಾತ್ರೆಯನ್ನು ದಿನಾ ನುಂಗಲೇಬೇಕೆಂದು ಕಟ್ಟಪ್ಪಣೆಯಾಯಿತು. ನುಂಗಿದವರ ಚರ್ಮ ಹಳದಿಗೆ ತಿರುಗುತ್ತಿತ್ತು, ಗಂಡಸುತನ ಹೋಗುತ್ತದೆಂಬ ಪುಕಾರೂ ಹಬ್ಬಿತ್ತು. ಸೈನಿಕರು ಕದ್ದು ಉಗಿಯತೊಡಗಿದಾಗ ಸ್ಲಿಮ್ ದಿಢೀರ್ ತಪಾಸಣೆ ಮಾಡಿಸಿ, ಲೆಕ್ಕ ತಪ್ಪಿದ ದಳಗಳ ಮೂವರು ಮುಖ್ಯಸ್ಥರನ್ನೇ ಕಿತ್ತುಹಾಕಿದ. ಉಳಿದವರಿಗೆ ಬುದ್ಧಿ ಬಂತು.

ಎಲ್ಲಕ್ಕಿಂತ ದೊಡ್ಡ ಸುಳ್ಳೆಂದು ಊರು ತೀರ್ಮಾನಿಸಿದ್ದು ಆನೆಯ ಕಥೆ. “ಆನೆ ಸೇತುವೆ ಕಟ್ತದೆ” ಎಂದು ತಾತ ಅಂದರೆ ಜವಳಗಿರಿಯಲ್ಲಿ ಯಾರು ನಂಬಿಯಾರು? ಬನ್ನೇರುಘಟ್ಟದ ಕಡೆಯಿಂದ ಹಿಂಡು ಇಳಿದು ರಾಗಿ ತೆನೆ ಕಟ್ಟುವ ಹೊತ್ತಿಗೆ ಸರಿಯಾಗಿ ಹೊಲಕ್ಕೆ ನುಗ್ಗುವ ಊರಿದು. ಇಲ್ಲಿ ಆನೆ ಕೆಡವುವುದನ್ನು ಕಂಡವರೇ ಎಲ್ಲ, ಕಟ್ಟುವುದನ್ನು ಕಂಡವರಿಲ್ಲ. ಆದರೆ ಹದಿನಾಲ್ಕನೇ ಸೇನೆಯಲ್ಲಿ ಆನೆಗಳದ್ದೇ ಒಂದು ಕಂಪನಿ ಇತ್ತು. ತೇಗದ ವ್ಯಾಪಾರದ ಕಂಪನಿಯಲ್ಲಿ ಆನೆಗಳ ಉಸ್ತುವಾರಿ ನೋಡುತ್ತಿದ್ದ ಜೆ.ಎಚ್. ವಿಲಿಯಮ್ಸ್ ಅದರ ಹಿಂದಿದ್ದ. ದಿಮ್ಮಿ ಎತ್ತಿ ತೊರೆಗಳಿಗೆ ಅಡ್ಡ ಇಡುವುದು, ಕಲೇವಾದ ದೋಣಿ ಕಟ್ಟೆಗೆ ತೇಗ ಎಳೆದು ತರುವುದು ಅವುಗಳ ಕೆಲಸ. 1944ರಲ್ಲಿ ಜಪಾನೀಯರು ಇಂಫಾಲದ ಮೇಲೆ ಬಂದಾಗ ವಿಲಿಯಮ್ಸ್ ಕಡಿದಾದ ಬಂಡೆಯಲ್ಲಿ ಮೆಟ್ಟಿಲು ಕೊರೆಸಿ ಆನೆಗಳನ್ನು ಹತ್ತಿಸಿ ಅಸ್ಸಾಮಿಗೆ ಪಾರು ಮಾಡಿದ. ಈ ಮೆಟ್ಟಿಲಿನ ವಿಷಯವನ್ನು ತಾತ ಕೇಳಿದ್ದರೂ ಹೇಳುವ ಧೈರ್ಯ ಮಾಡಿರಲಿಕ್ಕಿಲ್ಲ.

ಇಷ್ಟೆಲ್ಲ ಸಿಕ್ಕಿದರೂ ತಾತನ ಹೆಸರು ಎಲ್ಲೂ ಇಲ್ಲ. ಪ್ರತಿ ದಳವೂ ತಿಂಗಳಿಗೊಮ್ಮೆ ಯುದ್ಧ ದಿನಚರಿ ಬರೆದು ಒಪ್ಪಿಸಬೇಕಿತ್ತು. ಆಗ್ನೇಯ ಏಷ್ಯಾದವು ಲಂಡನ್ನಿನ ಕ್ಯೂನಲ್ಲಿರುವ ಪತ್ರಾಗಾರದಲ್ಲಿವೆ. ಅವು ಅಧಿಕಾರಿಗಳು ಬರೆದ ಕಾಗದಗಳು. ಲಾರಿ ಕಂದಕಕ್ಕೆ ಬಿದ್ದರೆ ಲಾರಿಯ ಲೆಕ್ಕ ಬರುತ್ತದೆ, ಓಡಿಸಿದವನ ಹೆಸರು ಅಪರೂಪ. ವಿಲಿಯಮ್ಸ್ ತನ್ನ ನೆಚ್ಚಿನ ಆನೆ ಬಂಡೂಲನ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಬರೆದ. ಸರ್ವಿಸ್ ಕೋರಿನ ಡ್ರೈವರುಗಳಿಗೆ ಅಂಥ ಯೋಗ ಬರಲಿಲ್ಲ. ಮೊದಲ ಯುದ್ಧಕ್ಕೆ ಹೋದ ಪಂಜಾಬಿಗಳ ಪುಣ್ಯ ದೊಡ್ಡದು: ಲಾಹೋರಿನ ಮ್ಯೂಸಿಯಮ್ಮಿನಲ್ಲಿ ದೂಳು ಹಿಡಿದಿದ್ದ ರಿಜಿಸ್ಟರುಗಳಲ್ಲಿ ಹಳ್ಳಿ ಹಳ್ಳಿಯ 3,20,000 ಸೈನಿಕರ ವಿವರ ಸಿಕ್ಕಿ, 2021ರಿಂದ ಯಾರು ಬೇಕಾದರೂ ಓದುವಂತಾಯಿತು. ನಮ್ಮ ಕಡೆಯವರಿಗೆ ಉಳಿದದ್ದು ಆಯಾ ದಳದ ದಾಖಲೆ ಕಚೇರಿ. ಸರ್ವಿಸ್ ಕೋರಿನದು ಬೆಂಗಳೂರಿನಲ್ಲೇ ಇದೆ. ಅಲ್ಲಿಗೆ ಬೇಕಾದದ್ದು ಪೂರ್ತಿ ನಂಬರು, ಮೇಷ್ಟ್ರ ಹತ್ತಿರ ಇರುವುದು ಹುಣಸೆಹಣ್ಣು ಉಳಿಸಿಕೊಟ್ಟಷ್ಟು. ಆದರೂ ಸೇಲಂ ಜಿಲ್ಲೆ ಎಂದು ಬರೆದು, ಕಂಸದಲ್ಲಿ ಈಗ ಕೃಷ್ಣಗಿರಿ ಎಂದು ಸೇರಿಸಿ ಅರ್ಜಿ ಹಾಕಿದ್ದಾರೆ.

ತಾತನ ಮಗಳು, ಮೇಷ್ಟ್ರ ಅತ್ತೆ, ಇನ್ನೂ ಗಟ್ಟಿಯಾಗಿದ್ದಾಳೆ. ತಾಟಿನ ರಸ್ತೆ, ತೇಲುವ ಸೇತುವೆ, ಆನೆ ಎಲ್ಲ ನಿಜವೆಂದು ಮೇಷ್ಟ್ರು ಫೋನಿನಲ್ಲಿ ಚಿತ್ರ ತೋರಿಸಿ ಹೇಳಿದಾಗ ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಅಂಗಾದ್ರೆ ಬೋಸು?”

“ಬೋಸು ಸುಳ್ಳು ಅತ್ತೆ.”

“ಪಿಂಚಣಿ ಬರಲ್ಲ ಅನ್ನು.”

“ತಾತನಿಗೇ ಬರ್ಲಿಲ್ಲ. ಯುದ್ಧ ಮುಗೀತಿದ್ದಂಗೆ ಒಂದಿಷ್ಟು ದುಡ್ಡು ಕೊಟ್ಟು ಮನೆಗೆ ಕಳಿಸಿದ್ರು.”

“ಆ ಆನೆಗಾದ್ರೂ ಬಂತಾ?”

ಬಂಡೂಲನನ್ನು ಯಾರೋ ಗುಂಡು ಹೊಡೆದು ಕೊಂದು, ಒಂದು ದಂತ ಕೊಯ್ದುಕೊಂಡು ಹೋದರು ಎಂದು ಮೇಷ್ಟ್ರು ಹೇಳಿದರು. ಅತ್ತೆ “ಅಲ್ಲೂ ಅಂಗೇನಾ” ಎಂದು ಸಿಪ್ಪೆಯ ಮೊರವನ್ನು ಪಕ್ಕಕ್ಕೆ ಸರಿಸಿ, ನೆನಪಾದವಳಂತೆ ಅಂದಳು: “ತಳೀಲಿ ಒಬ್ಬ ಇದ್ದ ಕಣಪ್ಪ, ಅಪ್ಪನ ಜೊತೇಲೇ ಓದೋನು. ಅವನೂ ಬಾಯಿಗೆ ಬಂದಂಗೆ ಸುಳ್ಳು ಏಳ್ತಿದ್ದ. ಅವನ ಮಕ್ಕಳು ಇರ್ಬೇಕು, ಓಗಿ ಕೇಳು.”

ಮೇಷ್ಟ್ರು ತಳಿ ಬಸ್ಸಿನ ಟೈಮು ವಿಚಾರಿಸಿದರು.